ಬೇಕು ಅಂದಾಕಿ

ಮಾನ್ವಿಯ ಒಂದು ರೈಸ್ ಮಿಲ್ಲಿನ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಅಂಗಳವಿದೆ. ಅವತ್ತು ಬಿಸಿಲೇರುವ ಮೊದಲೇ ನಾವೆಲ್ಲ ಅಲ್ಲಿ ಸೇರಿದ್ದೆವು. ರಾಯಚೂರಿನಿಂದ ಮಾಸ್ತರು ಬಂದಿದ್ದರು. ಕಣ್ಣು ಕಾಣದವರು, ಹೈಸ್ಕೂಲಿನಲ್ಲಿ ಸಮಾಜದ ಪಾಠ ಹೇಳಿ ನಿವೃತ್ತರಾದವರು. ದೇವದುರ್ಗದಿಂದ ತಂಗಿ ಬಂದಿದ್ದಳು. ಅವಳು ಗಾಲಿಕುರ್ಚಿಯಲ್ಲಿ, ಕುರ್ಚಿ ದಬ್ಬುತ್ತ ಹಿಂದೆ ಅವಳ ಅವ್ವ. ಪೋತ್ನಾಳದ ಅಣ್ಣ ಇದ್ದ, ಕಬ್ಬಿನ ಗಾಣಕ್ಕೆ ಒಂದು ಕೈ ಕೊಟ್ಟು ಉಳಿದ ಕೈಯಲ್ಲಿ ಕಿರಾಣಿ ಅಂಗಡಿ ನಡೆಸುವವನು. ಕಲ್ಲೂರು, ಕವಿತಾಳದ ಕಡೆಯಿಂದ ಕೋಲು ಹಿಡಿದವರು, ಕೋಲು ಬೇಡ ಅಂತ ಹಟ ಹಿಡಿದವರು, ಎಲ್ಲ ಬಂದಿದ್ದರು. ಮಿಲ್ಲಿನ ಸಾಹುಕಾರರು ಹಣೆತುಂಬ ವಿಭೂತಿ ಹಚ್ಚಿಕೊಂಡು ಆಫೀಸಿನ ಬಾಗಿಲಲ್ಲಿ ಪೇಪರ್ ಓದುತ್ತ ಕೂತಿದ್ದರು, ಓದುವ ನೆಪದಲ್ಲಿ ನಮ್ಮ ಮಾತು ಕೇಳುತ್ತ. ಅಕ್ಕ ಮಾತ್ರ ಇರಲಿಲ್ಲ. ಆಕೆ ತೀರಿಕೊಂಡು ಅವತ್ತಿಗೆ ಒಂದು ವರ್ಷ. ಆಕೆಯನ್ನು ನೆನೆಯುವುದಕ್ಕೇ ನಾವು ಸೇರಿದ್ದು.

ಅಕ್ಕ, ಅಣ್ಣ, ತಂಗಿ ಅಂತ ನಾನು ಬರೆಯುತ್ತಿರುವುದು ರಕ್ತಸಂಬಂಧದಿಂದಲ್ಲ. ನಮ್ಮ ಅಂಗವಿಕಲರ ಸಂಘದಲ್ಲಿ ಹಾಗೇ ಕರೆಯುವ ರೂಢಿ. ಊರಲ್ಲಿ ನಮಗೆ ಹೆಸರಿಗಿಂತ ಮುಂಚೆ ಕುಂಟ, ಕುರುಡ ಅನ್ನುವುದು ಅಂಟಿಕೊಂಡಿರುತ್ತಿತ್ತು. ಅಕ್ಕ ಸಂಘ ಕಟ್ಟಿದ ಮೊದಲ ದಿನವೇ ಹೇಳಿದ್ದಳು: “ಇಲ್ಲಿ ಕುಂಟ ಅಂದವಗ ಚಹಾ ಇಲ್ಲ. ಅಣ್ಣ ಅನ್ರಿ, ತಂಗಿ ಅನ್ರಿ, ಜಗಳಾಡೋದಿದ್ರೂ ಹಂಗ ಕರದ ಜಗಳಾಡ್ರಿ.” ಮಾಸ್ತರು ಮಾತ್ರ ಮಾಸ್ತರಾಗೇ ಉಳಿದರು. ಅವರನ್ನು ಅಣ್ಣ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ಆ ಅಂಗಳವನ್ನು ಹುಡುಕಿದವಳೂ ಅಕ್ಕನೇ. ಕವಿತಾಳ ಕಡೆಯ ಕೂಲಿ ಮಾಡುವವರ ಮನೆಯ ಮಗಳು. ಪೋಲಿಯೋ ಬಂದು ಎರಡೂ ಕಾಲು ಹೋಗಿದ್ದವು. ಮನೆಯೊಳಗೆ ಎರಡು ಕೈಗೂ ಹವಾಯಿ ಚಪ್ಪಲಿ ಹಾಕಿಕೊಂಡು ಓಡಾಡುವಳು, ಹೊರಗೆ ನಾಲ್ಕು ಗಾಲಿ ಬಡಿದ ಹಲಗೆಯ ಮೇಲೆ, ಅದೇ ಚಪ್ಪಲಿಗೈಯಿಂದ ನೆಲ ತಳ್ಳುತ್ತ. ಯಾವ ಊರಿಗೆ ಹೋದರೂ ಆಕೆ ಮೊದಲು ನೋಡುತ್ತಿದ್ದದ್ದು ನೆಲವನ್ನು. ಈ ಅಂಗಳಕ್ಕೆ ಹೊಸಿಲಿಲ್ಲ, ಮೆಟ್ಟಿಲಿಲ್ಲ, ಎಲ್ಲೂ ಒಂದು ಕಲ್ಲೆದ್ದಿಲ್ಲ. ಆಕೆ ಸೀದಾ ಸಾಹುಕಾರರ ಮುಂದೆ ಹೋಗಿ ನಿಂತಳಂತೆ. ನಿಂತಳು ಅನ್ನುವುದು ಆಕೆಯದೇ ಮಾತು.

“ಸಾಹುಕಾರ್ರೀ, ನಿಮ್ಮ ಭತ್ತ ಮಲಗೋ ಜಾಗದಾಗ ನಾವು ತಿಂಗಳಿಗೊಮ್ಮೆ ಕುಂದ್ರತೀವಿ.”

“ಕುಂದ್ರವಾ. ಭತ್ತ ಬಂದಾಗ ಮಾತ್ರ ಏಳಬೇಕು ನೋಡು.”

“ಏಳೋರು ಏಳ್ತಾರ್ರಿ. ನನ್ನಂಥೋರು ಉರುಳಿ ಹೋಗ್ತೀವಿ.”

ಸಾಹುಕಾರರು ನಕ್ಕರು. ನಕ್ಕ ಮೇಲೆ ಇಲ್ಲ ಅನ್ನುವುದು ಹೇಗೆ? ಅಂಗಳ ನಮ್ಮದಾಯಿತು.

ನಾನು ಆ ಸಂಘ ಸೇರಿದ್ದು ಇಪ್ಪತ್ತರ ಹುಡುಗನಿದ್ದಾಗ. ಕಲ್ಲೂರಿನವನು, ಎಡಗಾಲಿಗೆ ಕಬ್ಬಿಣದ ಪಟ್ಟಿ. ಬಾಲ್ಯದಲ್ಲಿ ಸರೀಕರು ಹಳ್ಳಕ್ಕೆ ಈಜಲು ಓಡಿದರೆ ನನ್ನನ್ನು ಊರಬಾಗಿಲ ಅಗಸಿಕಟ್ಟೆಯ ಮೇಲೆ ಮುದುಕರ ನಡುವೆ ಕೂರಿಸಿ ಹೋಗುತ್ತಿದ್ದರು. ಹಾಗಾಗಿ ನನಗೆ ಬಂದದ್ದೆಲ್ಲ ಮುದುಕರ ಮಾತು. ಸಂಘಕ್ಕೆ ಬಂದಾಗ ಅಕ್ಕ ಕೇಳಿದಳು, “ಯಪ್ಪಾ, ನಿನ್ನ ವಯಸ್ಸೆಷ್ಟು? ಮುಖ ನೋಡಿದ್ರ ಹುಡುಗ, ಮಾತು ಕೇಳಿದ್ರ ನಮ್ಮಜ್ಜ.” ಈಗ ಮಾನ್ವಿ ಬಜಾರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಮಾತಿಗೂ ವಯಸ್ಸಿಗೂ ಈಗ ಹೊಂದಾಣಿಕೆ ಬಂದಿದೆ.

ಅಕ್ಕನ ಕೆಲಸದ ರೀತಿ ನೋಡಿದವರಿಗೆ ಅದು ಹೋರಾಟ ಅಂತ ಅನಿಸುತ್ತಲೇ ಇರಲಿಲ್ಲ. ಒಂದೂರಲ್ಲಿ ಪಿಂಚಣಿ ನೋಡುವ ಸಾಹೇಬರು ಮಹಡಿಯ ಮೇಲೆ ಕೂರುತ್ತಿದ್ದರು. ಯಾವ ಊರು ಅಂತ ಬೇಡ, ಆ ಸಾಹೇಬರು ಒಳ್ಳೆಯವರೇ. ಅಕ್ಕ ಒಂದು ದಿನ ಮೆಟ್ಟಿಲ ಬುಡದಲ್ಲಿ ಹಲಗೆ ನಿಲ್ಲಿಸಿಕೊಂಡು ಕೂತಳು. ಘೋಷಣೆಯಿಲ್ಲ, ಬೋರ್ಡಿಲ್ಲ. ಮೇಲೆ ಹೋಗುವ ಪ್ರತಿಯೊಬ್ಬರನ್ನೂ ಮಾತಾಡಿಸಿದಳು: “ಯಪ್ಪಾ, ಆರಾಮ ಅದೀಯಾ? ಮ್ಯಾಲ ಹೊಂಟೀಯಲ್ಲ, ಸಾಹೇಬ್ರಿಗೆ ಒಂದು ಮಾತು ಹೇಳು. ಕೆಳಗ ಒಬ್ಬಾಕಿ ಕುಂತಾಳ, ಅಂತ.” ಬಂದವರೆಲ್ಲ ಮೇಲೆ ಹೋಗಿ ಹೇಳಿದರು. ಚಹಾ ತಂದವನು ಹೇಳಿದ, ಜಮೀನಿನ ಕೆಲಸಕ್ಕೆ ಬಂದ ಗೌಡರು ಹೇಳಿದರು, ಸಾಹೇಬರ ಡ್ರೈವರ್ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಸಾಹೇಬರು ತಾವೇ ಇಳಿದು ಬಂದರು. “ಯಾರವಾ ಕೆಳಗ ಕುಂತಾಕಿ?” ಅಂದರು. “ನಾನ್ರೀ. ಬರ್ರಿ, ಕುಂದ್ರಿ” ಅಂತ ಅಕ್ಕ ತನ್ನ ಮನೆಗೆ ಬಂದವರನ್ನು ಕರೆದ ಹಾಗೆ ಕರೆದಳು. ಅವರು ಕೊನೆಯ ಮೆಟ್ಟಿಲ ಮೇಲೆ ಕೂತರು. ಮುಂದೆ ಆ ಕೆಲಸದ ಟೇಬಲ್ಲು ಕೆಳಗೇ ಬಂತು.

ಆಕೆಯ ಇನ್ನೊಂದು ಗುಣ ನನಗೆ ಇವೆಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ಮಾತು ತಡವರಿಸುವವರಿದ್ದಾರೆ. ಅಂಥವರು ಬಾಯಿ ತೆರೆದರೆ ಅಕ್ಕ ಎರಡೂ ಕೈಯ ಚಪ್ಪಲಿ ಕಳಚಿ ಪಕ್ಕಕ್ಕಿಡುತ್ತಿದ್ದಳು. ನಾನು ಎಲ್ಲೂ ಹೋಗುವುದಿಲ್ಲ, ನೀನು ನಿಧಾನ ಹೇಳು ಅನ್ನುವ ಹಾಗೆ. ಆಕೆ ಚಪ್ಪಲಿ ಬಿಟ್ಟದ್ದು ಕಂಡರೆ ಉಳಿದವರೂ ಸುಮ್ಮನಾಗುತ್ತಿದ್ದರು.

ಅಂಥ ಮಾತು ನಮ್ಮ ದೇವದುರ್ಗದ ತಂಗಿಯದು. ಹುಟ್ಟುವಾಗ ಉಸಿರಿಗೆ ತಡವಾಯಿತಂತೆ. ಅದರಿಂದ ಕೈಕಾಲು ಬಿಗಿ, ಕುತ್ತಿಗೆ ಒಂದೆಡೆ ವಾಲುತ್ತದೆ, ಒಂದೊಂದು ಮಾತೂ ಎಲ್ಲಿಂದಲೋ ಎಳೆದು ತಂದ ಹಾಗೆ ಬರುತ್ತದೆ. ಬುದ್ಧಿ ಮಾತ್ರ ಕತ್ತರಿ. ಮನೆಯಲ್ಲೇ ಕೂತು ಬಿ.ಎ. ಮಾಡಿದ್ದಾಳೆ. ಅವ್ವ ಅಂಗನವಾಡಿಯಲ್ಲಿ ಸಹಾಯಕಿ. ಮಗಳ ಮಾತನ್ನೆಲ್ಲ ಅವ್ವನೇ ಆಡಿಬಿಡುವುದು ರೂಢಿ. ಮಗಳು ಅರ್ಧ ಹೇಳುವಷ್ಟರಲ್ಲಿ ಅವ್ವ ಮುಗಿಸಿ ಮುಂದಿನ ಮಾತಿಗೆ ಹೋಗಿರುತ್ತಾಳೆ.

ಯಾರೋ ಒಮ್ಮೆ ಕೇಳಿದರು, ಈಗ ಫೋನಿನಲ್ಲಿ ಬರೆದರೆ ಅದೇ ಓದಿ ಹೇಳುತ್ತದಲ್ಲ, ಅದನ್ನೇ ಮಾಡಬಾರದೇಕೆ ಅಂತ. ತಂಗಿ ಬಹಳ ಹೊತ್ತು ತೆಗೆದುಕೊಂಡು ಹೇಳಿದಳು: “ಮಾಡಿ ನೋಡೀನಿ. ಫೋನಿನಾಗಿನ ಹೆಣ್ಮಗಳು… ಬೆಂಗಳೂರಿನಾಕಿ. ಆಕಿ ಮಾತಾಡಿದ್ರ… ನಮ್ಮವ್ವಗ ನಾ ಯಾರದೋ ಮಗಳು… ಅನಿಸ್ತದ.”

ತಂಗಿಗೆ ಒಂದೇ ಒಂದು ಹಂಬಲವಿತ್ತು. ಅಂಗವಿಕಲ ಅಂತ ವೈದ್ಯರು ನೋಡಿ ಬರೆದುಕೊಟ್ಟರೇ ನಮಗೆ ಪಿಂಚಣಿ, ಬಸ್ ಪಾಸು ಎಲ್ಲ. ಆ ತಪಾಸಣೆಗೆ ದೇವದುರ್ಗದ ಹಳ್ಳಿಗಳವರು ರಾಯಚೂರಿಗೇ ಬರಬೇಕಿತ್ತು. ಮೀಸೆ ಬಂದ ಮಗನನ್ನು ಬೆನ್ನ ಮೇಲೆ ಹೊತ್ತು ಬಸ್ಸು ಹತ್ತುವ ತಾಯಂದಿರನ್ನು ತಂಗಿ ನೋಡಿದ್ದಳು, ಅವಳ ಅವ್ವನೂ ಹಾಗೆ ಹೊತ್ತವಳೇ. ಹೊತ್ತುಕೊಂಡು ಬಂದ ದಿನ ಜನ ಬಹಳವಾಗಿ ತಿರುಗಿ ಹೋಗಬೇಕಾದರೆ ಮತ್ತೆ ಅದೇ ಬೆನ್ನು. ತಪಾಸಣೆ ದೇವದುರ್ಗದಲ್ಲೇ ಆಗಬೇಕು ಅಂತ ತಂಗಿ ಅಕ್ಕನ ಹತ್ತಿರ ಹೇಳಿದ್ದಳು. ಅಕ್ಕ ಕೇಳಲು ಶುರುಮಾಡಿದ್ದಳು. ಅಷ್ಟರಲ್ಲಿ ಎದೆನೋವು ಬಂದು ಹೋಗಿಬಿಟ್ಟಳು. ಆಮೇಲೆ ಒಂದು ವರ್ಷ ಸಂಘಕ್ಕೆ ಅಧ್ಯಕ್ಷರಿಲ್ಲ. ನಾವು ಸೇರುತ್ತಿದ್ದೆವು, ಅಕ್ಕನ ಮಾತು ಆಡುತ್ತಿದ್ದೆವು, ಚಹಾ ಕುಡಿದು ಏಳುತ್ತಿದ್ದೆವು.

ಈಗ ಮಾಸ್ತರ ವಿಷಯ. ನಮಗೆ ಯಾವ ಹಕ್ಕಿದೆ, ಯಾವ ಕಾಯಿದೆ ಏನು ಹೇಳುತ್ತದೆ ಅನ್ನುವುದೆಲ್ಲ ಅವರ ಬಾಯಲ್ಲಿ. ಅಕ್ಕನಿಗೂ ಅವರಿಗೂ ಸದಾ ಜಟಾಪಟಿ. ಅವರು ಬೆಂಗಳೂರಿಗೆ ಬರೆಯೋಣ ಅಂದರೆ ಅಕ್ಕ, “ಬೆಂಗಳೂರು ದೂರ ಅದ ಮಾಸ್ತರ್ರೀ, ಮೊದಲ ಮೆಟ್ಟಲ ಕೆಳಗ ಕುಂದ್ರೂಣು ಬರ್ರಿ” ಅನ್ನುವಳು. ಆದರೆ ಎಲ್ಲಿ ಹೋದರೂ ಇಬ್ಬರೂ ಕೂಡಿಯೇ ಹೋಗುತ್ತಿದ್ದರು. ಮಾಸ್ತರು ಹಲಗೆಗೆ ಕಟ್ಟಿದ ಹಗ್ಗ ಹಿಡಿದು ಎಳೆಯುವರು, ಅಕ್ಕ ಕೆಳಗಿನಿಂದ ದಾರಿ ಹೇಳುವಳು: “ಎಡಕ್ಕ ಬರ್ರಿ, ಎಮ್ಮಿ ಅದ. ಈಗ ಬಲಕ್ಕ, ನಿಮ್ಮ ಹಳೇ ಹೆಡ್‌ಮಾಸ್ತರು ಬರಾಕತ್ತಾರ, ತಪ್ಪಿಸ್ಕೊಳ್ರಿ.”

ವರ್ಷದ ನೆನಪಿಗೆ ಒಂದು ವಾರ ಮುಂಚೆ ಮಾಸ್ತರು ನನ್ನ ಅಂಗಡಿಗೆ ಬಂದು ಬಿಳಿ ಅಂಗಿ ಹೊಲಿಯಲು ಹಾಕಿದ್ದರು. “ಕಾಲರ್ ಗಟ್ಟಿ ಇರ್ಲಿ. ನಾಕು ಮಂದಿ ಮುಂದ ಕುಂದ್ರೋದದ” ಅಂದಿದ್ದರು. ನಾನು ಸುಮ್ಮನೆ ಅಳತೆ ತೆಗೆದುಕೊಂಡೆ. ಅಧ್ಯಕ್ಷರಾಗಲು ಅವರ ಮನಸ್ಸು ತಯಾರಾಗಿದೆ ಅಂತ ನನಗೆ ತಿಳಿಯಿತು. ತಪ್ಪೇನಿಲ್ಲ, ಅವರಿಗೆ ಆ ಯೋಗ್ಯತೆಯೂ ಇತ್ತು.

ಅವತ್ತು ಅಕ್ಕನ ಫೋಟೋಕ್ಕೆ ಹೂವು ಹಾಕಿದೆವು. ನಾಲ್ಕು ಮಾತಾಯಿತು. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಬಂತು. ತಟ್ಟೆ ಕೈಯಲ್ಲಿರುವಾಗಲೇ ಪೋತ್ನಾಳದ ಅಣ್ಣ ಎದ್ದುನಿಂತು, “ಸಂಘಕ್ಕ ತಲಿ ಇಲ್ದ ವರ್ಷಾತು. ಮಾಸ್ತರ್ರೀ, ನೀವ ಅಧ್ಯಕ್ಷರಾಗಬೇಕು” ಅಂದ.

ನಮ್ಮ ಕಡೆ ಇಂಥ ಮಾತಿಗೆ ಒಂದು ರೀತಿ ಇದೆ. ಊಟಕ್ಕೆ ಕರೆದರೆ ಹಸಿದಿದ್ದರೂ ‘ಈಗರ ಉಂಡು ಬಂದೀನ್ರಿ’ ಅನ್ನಬೇಕಲ್ಲ, ಹಾಗೆಯೇ. ಮೊದಲ ಸಲ ಕೇಳಿದಾಗ ‘ನನಗ್ಯಾಕ್ರಿ’ ಅನ್ನಬೇಕು. ಎರಡನೇ ಸಲ ಇನ್ನೊಬ್ಬರನ್ನು ತೋರಿಸಿ ಹಿಂದೆ ಸರಿಯಬೇಕು. ಮೂರನೇ ಸಲ ಜನ ಕೈಹಿಡಿದು ಎಬ್ಬಿಸಿದಾಗ ‘ನಿಮ್ಮ ಮಾತು ಮೀರಂಗಿಲ್ಲ’ ಅಂತ ತಲೆ ಬಾಗಿಸಬೇಕು. ಮೊದಲ ಸಲಕ್ಕೇ ಹೂಂ ಅಂದವನನ್ನು ಜನ ಬೇರೆ ಕಣ್ಣಿನಿಂದ ನೋಡುತ್ತಾರೆ.

ಮಾಸ್ತರು ರೀತಿ ತಪ್ಪುವವರಲ್ಲ. “ನನಗ್ಯಾಕ್ರಪಾ,” ಅಂದರು. “ವಯಸ್ಸಾತು.”

“ಹಂಗನಬ್ಯಾಡ್ರಿ. ನಿಮ್ಮನ್ನ ಬಿಟ್ರ ಯಾರದಾರ?”

“ಬ್ಯಾಡ್ರಿ, ಹೊಸಬರು ಬರಬೇಕು. ದೇವದುರ್ಗದ ತಂಗಿ ಇಲ್ಲೇನು, ಓದಿದಾಕಿ. ಆಕೀನ ಕೇಳ್ರಿ.”

ಇದು ಎರಡನೇ ಸಲದ ಮಾತು ಅಂತ ಎಲ್ಲರಿಗೂ ಗೊತ್ತು. ಆದರೂ ಹೆಸರು ಬಂದ ಮೇಲೆ ಕೇಳಬೇಕಲ್ಲ. ಪೋತ್ನಾಳದ ಅಣ್ಣ ನಗುತ್ತ ತಂಗಿಯ ಕಡೆ ತಿರುಗಿದ. “ಏನವಾ ತಂಗಿ, ಅಧ್ಯಕ್ಷಿ ಆಗ್ತೀಯೇನು?”

ತಂಗಿಯ ಕುತ್ತಿಗೆ ವಾಲಿತು, ಕೈ ಬಿಗಿಯಿತು. ಮಾತು ಹೊರಡುವ ಮೊದಲು ಹಾಗಾಗುತ್ತದೆ. “ನನಗ…” ಅಂದಳು.

“ನನಗ್ಯಾಕ್ರಿ ಅಂತಾಳ,” ಅಂದರು ಮಾಸ್ತರು, ಬಹಳ ಅಕ್ಕರೆಯಿಂದ.

“ಹೌದ್ರಿ, ಆಕೀಗ್ಯಾಕ್ರಿ ಈ ತ್ರಾಸು,” ಅಂದಳು ಅವ್ವ. “ನೀವ ಆಗ್ರಿ ಮಾಸ್ತರ್ರೀ.”

ಮಂದಿ ಚಪ್ಪಾಳೆ ತಟ್ಟಿದರು. ಪೋತ್ನಾಳದ ಅಣ್ಣ ತಾನು ತಂದಿದ್ದ ಹಾರವನ್ನು ಚೀಲದಿಂದ ತೆಗೆದ. ಮಾಸ್ತರು ಕಾಲರ್ ಸರಿಮಾಡಿಕೊಂಡರು.

ಆಗ ಒಂದು ಸ್ಟೀಲ್ ತಟ್ಟೆ ಸಿಮೆಂಟಿನ ಮೇಲೆ ಬಿದ್ದು ಠಣ್ಣೆಂದಿತು. ತಿರುಗಿ ತಿರುಗಿ ಬಹಳ ಹೊತ್ತು ಸದ್ದು ಮಾಡಿತು. ತಂಗಿಯ ಮಡಿಲಲ್ಲಿದ್ದ ತಟ್ಟೆ. ಒಗ್ಗರಣೆಯೆಲ್ಲ ಚೆಲ್ಲಿತು.

“ಅಯ್ಯ, ಕೈ ಜಾರಿತು,” ಅಂತ ಅವ್ವ ಬಗ್ಗಿದಳು.

“ಜಾರಿಲ್ಲ,” ಅಂದಳು ತಂಗಿ. ಆ ಮಾತು ಮಾತ್ರ ಒಂದೇ ಉಸಿರಿಗೆ ಬಂತು. “ನಾ ಇನ್ನೂ… ಮಾತಾಡಾಕತ್ತೀನಿ.”

ಚಪ್ಪಾಳೆ ತಟ್ಟಿದವರೆಲ್ಲ ಅವಳ ಕಡೆ ತಿರುಗಿದರು. ಒಳಗೆ ಮಿಲ್ಲಿನ ಬೆಲ್ಟು ತಿರುಗುವ ಸದ್ದು. ಚೆಲ್ಲಿದ ಮಂಡಕ್ಕಿಗೆ ಗುಬ್ಬಿಗಳು ಬಂದು ಕೂತವು. ಸಾಹುಕಾರರು ಪೇಪರ್ ಮಡಚಿ ತೊಡೆಯ ಮೇಲಿಟ್ಟುಕೊಂಡರು.

“ನನಗ… ಬೇಕು.”

“ಏನು ಬೇಕವಾ? ನೀರೇನು?” ಅಂದಳು ಅವ್ವ.

“ನೀರಲ್ಲ… ಯವ್ವಾ. ಅಧ್ಯಕ್ಷ… ಸ್ಥಾನ.”

ಬೇಕು ಅಂದವರಿಗೆ ಏನು ಹೇಳಬೇಕು ಅನ್ನುವುದು ನಮ್ಮ ರೀತಿಯಲ್ಲಿ ಎಲ್ಲೂ ಇಲ್ಲ. ಪೋತ್ನಾಳದ ಅಣ್ಣ ಹಾರ ಹಿಡಿದುಕೊಂಡು ನನ್ನ ಮುಖ ನೋಡಿದ. ನಾನು ಗುಬ್ಬಿಗಳನ್ನು ನೋಡಿದೆ. ತಂಗಿ ನಮಗಾಗಿ ಕಾಯಲಿಲ್ಲ.

“ಬ್ಯಾಡ ಬ್ಯಾಡ ಅಂದು… ಆಮ್ಯಾಲ ಹೂಂ ಅನ್ನಾಕ… ನನ್ನ ಹತ್ರ ಅಷ್ಟು… ಉಸಿರಿಲ್ಲ. ಅದಕ್ಕ… ಒಮ್ಮಿಗೇ ಹೇಳಾಕತ್ತೀನಿ.”

ಯಾರೋ ಹಿಂದಿನಿಂದ ಕಿಸಕ್ಕೆಂದರು. ತಂಗಿಯೂ ನಕ್ಕಳು. ನಗುವಾಗ ಅವಳ ಮೈಯೆಲ್ಲ ಅಲುಗುತ್ತದೆ, ಅದು ನಿಲ್ಲುವತನಕ ಮುಂದಿನ ಮಾತು ಬರುವುದಿಲ್ಲ. ಕಾದೆವು.

“ದೇವದುರ್ಗದಾಗ… ತಪಾಸಣಿ ಆಗಬೇಕು. ಅಕ್ಕ ಕೇಳಿದ್ಲು. ಆಕಿ ಹೋದ ಮ್ಯಾಲ… ನಾವು ಯಾರೂ… ಕೇಳಿಲ್ಲ.”

ಆ ಮಾತಿಗೆ ನಗುತ್ತಿದ್ದವರೂ ತಲೆ ತಗ್ಗಿಸಿದರು.

“ಸಾಹೇಬ್ರ ಮುಂದ ಯಾರು ಮಾತಾಡ್ತಾರವಾ?” ಅವ್ವನ ದನಿ ಸಣ್ಣದಾಗಿತ್ತು. ಮಗಳು ಎಲ್ಲರ ಮುಂದೆ ನಗೆಗೀಡಾದಾಳು ಅನ್ನುವ ಭಯ ಅದು. “ನಿನ್ನ ಮಾತು ಮುಗಿಯೋತನ ಅವರು ಕುಂದ್ರತಾರೇನು?”

“ಕುಂದ್ರತಾರ. ಕುಂದ್ರಾಕ… ಅವರಿಗೆ ಪಗಾರ… ಕೊಡ್ತಾರಲ್ಲ.”

ಸಾಹುಕಾರರು ಬಾಗಿಲಲ್ಲಿ ಜೋರಾಗಿ ನಕ್ಕರು. ತಂಗಿ ಮಾತ್ರ ಈ ಸಲ ನಗಲಿಲ್ಲ. ಮಾಸ್ತರ ಕಡೆ ತಿರುಗಿದಳು. “ಮಾಸ್ತರು… ಬ್ಯಾಡ… ಅಂದ್ರು.”

“ಅದು ಮರ್ಯಾದಿಗೆ ಅಂದದ್ದವಾ,” ಅಂದ ಪೋತ್ನಾಳದ ಅಣ್ಣ.

“ಹೌದೇನ್ರಿ… ಮಾಸ್ತರ್ರೀ?”

ಮಾಸ್ತರ ಬೆರಳು ಇನ್ನೂ ಕಾಲರಿನ ಮೇಲೇ ಇತ್ತು. ನಾನು ಹಾಕಿದ ಹೊಲಿಗೆಯ ಮೇಲೆ ಆ ಬೆರಳು ಹಿಂದೆ ಮುಂದೆ ಓಡಾಡಿತು. ಅವರು ಹೌದು, ಮರ್ಯಾದೆಗೇ ಅಂದದ್ದು ಅಂದಿದ್ದರೆ ಮಂದಿ ಅವರಿಗೇ ಹಾರ ಹಾಕುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ತಂಗಿಗೂ ಗೊತ್ತಿತ್ತು. ಅವಳು ಕೇಳಿದ್ದನ್ನು ಕೇಳಿ ಕಾಯುತ್ತ ಕೂತಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರು ಆ ಅಂಗಳದಲ್ಲಿ ಯಾರೂ ಇರಲಿಲ್ಲ.

“ಅಂದೀನಿ,” ಅಂದರು ಮಾಸ್ತರು ಕೊನೆಗೆ. “ಎರಡು ಸಲ ಬ್ಯಾಡ ಅಂದೀನಿ. ಇಷ್ಟು ಮಂದಿ ಸಾಕ್ಷಿ ಅದೀರಿ.” ಆಮೇಲೆ ಅವರಿಗೇ ನಗು ಬಂತು, ಮೊದಲು ಮೆಲ್ಲಗೆ, ಆಮೇಲೆ ಕೆಮ್ಮು ಬರುವಷ್ಟು. “ಅಕ್ಕ ಇದ್ದಿದ್ರ ಇವತ್ತ ಹಲಗಿ ಮ್ಯಾಲಿಂದ ಬಿದ್ದು ನಗ್ತಿದ್ಲು. ನನ್ನ ರೀತಿಯೊಳಗ ನಾನ ಸಿಕ್ಕೊಂಡೆ ನೋಡ್ರಿ. ಹಾಕ್ರಪಾ ಹಾರ, ಆಕೀಗೆ ಹಾಕ್ರಿ.”

ಹಾರ ಮಾಸ್ತರ ಎತ್ತರಕ್ಕೆ ಕಟ್ಟಿಸಿದ್ದು. ತಂಗಿಗೆ ಹಾಕಿದರೆ ಮೊಣಕಾಲು ದಾಟಿ ಗಾಲಿಗೆ ಸಿಕ್ಕುವ ಹಾಗಿತ್ತು. ಪೋತ್ನಾಳದ ಅಣ್ಣ ಒಂದೇ ಕೈಯಲ್ಲಿ ಅದನ್ನು ಎರಡು ಸುತ್ತು ಮಾಡಿ ಹಾಕಿದ. ಅವ್ವ ಚೆಲ್ಲಿದ ಮಂಡಕ್ಕಿ ಬಳಿಯುವ ನೆಪದಲ್ಲಿ ಬಗ್ಗಿದವಳು ಬಹಳ ಹೊತ್ತು ತಲೆ ಎತ್ತಲಿಲ್ಲ, ಎತ್ತಿದಾಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

“ತಂಗಿ,” ಅಂದರು ಮಾಸ್ತರು, ಚಹಾದ ಲೋಟ ಹುಡುಕಿಕೊಂಡು. “ಇನ್ನ ಮ್ಯಾಲ ನಿನ್ನ ಮಾತು ನಾ ಮುಗಸಂಗಿಲ್ಲ. ಆದ್ರ ನೀ ಮುಗಸೋದ್ರಾಗ ನಮ್ಮ ಚಹಾ ಆರತಾವ, ಅದೊಂದು ನೋಡ್ಕೋ.”

“ಮೊದಲ… ಕುಡೀರಿ,” ಅಂದಳು ಅಧ್ಯಕ್ಷೆ. “ಆಮ್ಯಾಲ… ಕೇಳ್ರಿ.”

ಅದಾಗಿ ಕೆಲವು ದಿನಕ್ಕೆ ನಾವು ರಾಯಚೂರಿಗೆ ಹೋದೆವು. ತಂಗಿ, ಅವ್ವ, ಮಾಸ್ತರು, ನಾನು. ಅಂಗವಿಕಲರ ಇಲಾಖೆಯ ಅಧಿಕಾರಿ ಹೊಸಬರು, ಚಿಕ್ಕ ವಯಸ್ಸಿನವರು. ತಂಗಿ ಶುರುಮಾಡಿದಳು. “ಪಿಂಚಣಿ ನಿಂತಿದೆಯಾ?” ಅಂದರು ಅವರು. ತಂಗಿ ಅಲ್ಲವೆಂದು ತಲೆಯಾಡಿಸಿ ಮತ್ತೆ ಶುರುಮಾಡಿದಳು. “ಹೊಸ ಗಾಲಿಕುರ್ಚಿ ಬೇಕಾ?” ಅಂದರು. ಮತ್ತೆ ಅಲ್ಲ. ನಾನು ಮಾಸ್ತರನ್ನು ನೋಡಿದೆ. ಕೋಲಿನ ಮೇಲೆ ಎರಡೂ ಕೈ ಇಟ್ಟು ತುಟಿ ಬಿಗಿಹಿಡಿದು ಕೂತಿದ್ದರು. ಅವ್ವನ ಬಾಯಿ ಎರಡು ಸಲ ತೆರೆದು ಮುಚ್ಚಿತು. ಮೂರನೇ ಸಲ ಆ ಅಧಿಕಾರಿ ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿ ಕೂತರು. ತಂಗಿ ಪೂರ್ತಿ ಹೇಳಿದಳು, ಬೆನ್ನ ಮೇಲೆ ಬರುವ ಮಕ್ಕಳ ವಿಷಯವನ್ನೂ.

“ದೇವದುರ್ಗದಲ್ಲಿ ಮೆಟ್ಟಿಲಿಲ್ಲದ ಜಾಗ ಇದೆಯಾ?” ಅಂತ ಅವರು ಕೇಳಿದರು.

“ಅದ,” ಅಂದಳು ತಂಗಿ. ಅವ್ವ ಕೆಲಸ ಮಾಡುವ ಅಂಗನವಾಡಿಯ ಪಕ್ಕದ ಶಾಲೆಯನ್ನು ಹೇಳಿದಳು. ಅವರು ವೈದ್ಯರ ಹತ್ತಿರ ಮಾತಾಡುತ್ತೇನೆ ಅಂದರು. ನಾವು ಬಸ್ಸು ಹಿಡಿದು ಊರಿಗೆ ಬಂದೆವು.

ಮಳೆಗಾಲ ಮುಗಿದ ಮೇಲೆ ಆ ಶಾಲೆಯಲ್ಲಿ ತಪಾಸಣೆ ನಡೆಯಿತು. ವೈದ್ಯರು ರಾಯಚೂರಿನಿಂದ ಬಂದರು. ತಂಗಿ ಬೆಳಿಗ್ಗೆಯೇ ಹೋಗಿ ಬಾಗಿಲ ಪಕ್ಕ ಕುರ್ಚಿ ನಿಲ್ಲಿಸಿಕೊಂಡಳು. ಬಂದವರನ್ನೆಲ್ಲ ಯಾವೂರು, ಆರಾಮ ಅದೀರೇನು ಅಂತ ಮಾತಾಡಿಸಿ ಒಳಗೆ ಕಳಿಸಿದಳು. ಸಂಜೆಯತನಕ ಜನ ಬರುತ್ತಲೇ ಇದ್ದರು.